ಪಾರವ್ವನ ಬೇಸಿಗೆ ಪರಕಾರ

ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ ನಾನು ಮೊದಲ ದಿನ ಮಷಿನ್ ಮುಟ್ಟಲು ಕೊಡುತ್ತಿರಲಿಲ್ಲ. ಚೀಲದಿಂದ ತುಂಡು ಬಟ್ಟೆಗಳನ್ನು ನೆಲಕ್ಕೆ ಸುರಿದು, ಇದರಲ್ಲಿ ಒಂದು ಸಣ್ಣ ಹುಡುಗಿಯ ಪರಕಾರ, ಅಂದರೆ ಉದ್ದ ಲಂಗ, ಕಾಣುತ್ತದೆಯೇ ನೋಡಿ ಎನ್ನುತ್ತಿದ್ದೆ. ಹೆಚ್ಚಿನವರಿಗೆ ಕಾಣುತ್ತಿರಲಿಲ್ಲ. ಒಬ್ಬಳಂತೂ ಒಂದು ತುಂಡನ್ನು ಎತ್ತಿಕೊಂಡು ಅದರಿಂದಲೇ ಮಷಿನ್ ಮೇಲಿನ ಧೂಳು ಒರೆಸಿದಳು. ಅವಳೇ ಮುಂದೆ ಒಳ್ಳೆಯ ಹೊಲಿಗೆಯವಳಾದಳು ಅನ್ನುವುದು ಬೇರೆ ಮಾತು.

ಈಗ ನಾನು ನಿವೃತ್ತಳು. ಹೊಲಿಗೆ ವರ್ಗದ ಶಿಕ್ಷಕಿಯಾದದ್ದು, ಮೇಲಕ್ಕೇರಿದ್ದು, ಕೊನೆಗೆ ಕೊರಳಿಗೆ ಹಾರ ಹಾಕಿಸಿಕೊಂಡು ಮನೆಗೆ ಬಂದದ್ದು, ಇವನ್ನೆಲ್ಲ ಬರೆಯುವುದಿಲ್ಲ. ನೌಕರಿ ಮಾಡಿದ ಎಲ್ಲರಿಗೂ ಅದು ಆಗುವುದೇ. ಈ ಕೆಲಸಕ್ಕೆ ಹೊಸದಾಗಿ ಬರುವ ನಿಮಗೆ ಉಪಯೋಗವಾಗುವುದು ನಾನು ವರ್ಗದಲ್ಲಿ ಕಲಿಸಿದ್ದಕ್ಕಿಂತ ಹೆಚ್ಚಾಗಿ, ಅದಕ್ಕೂ ಎಷ್ಟೋ ಮೊದಲು ವಿಜಾಪುರದ ಜೋರಾಪುರ ಪೇಟೆಯಲ್ಲಿ ನಮ್ಮ ಅತ್ತೆಯ ಕೈಕೆಳಗೆ ನಾನು ಕಲಿತದ್ದು. ಅದರಲ್ಲೂ ಮುಖ್ಯವಾಗಿ ಒಂದು ಪರಕಾರದ ಸಂಗತಿ.

ನಮ್ಮದು ಸಿಂಪಿಗರ ಮನೆ. ಮುಂದಿನ ಪಡಸಾಲೆಯಲ್ಲಿ ಮಾವನವರು ಗಂಡಸರ ಅಂಗಿ ಹೊಲಿಯುತ್ತಿದ್ದರು. ಹೆಣ್ಣುಮಕ್ಕಳು ಆಗ ಗಂಡಸು ಕೂತ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅವರು ಪಕ್ಕದ ಸಂದಿಯಿಂದ ಒಳಗಿನ ಕೋಣೆಗೆ ಬರುತ್ತಿದ್ದರು. ಆ ಕೋಣೆ ನಮ್ಮ ಅತ್ತೆ ಸಿದ್ದವ್ವನವರದು. ಕುಪ್ಪಸ, ಪರಕಾರ, ಕೂಸಿನ ಕುಂಚಿಗೆ ಎಲ್ಲ ಅಲ್ಲೇ. ನಾನು ಸೊಸೆಯಾಗಿ ಬಂದ ಮೇಲೆ ಅತ್ತೆ ನನಗೆ ಗುಂಡಿ ಹಚ್ಚಲು ಕೊಟ್ಟರು, ಆಮೇಲೆ ಮಷಿನ್ ತುಳಿಯಲು ಕೊಟ್ಟರು. ಕತ್ತರಿ ಮಾತ್ರ ಕೊಡಲಿಲ್ಲ. ಅದು ಸದಾ ಅವರ ಸೊಂಟದಲ್ಲಿ ಇರುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಕೇಳಿದೆ.

"ಅತ್ಯಾರ, ಒಂದ ಸಲ ನಾ ಕತ್ತರಿಸಲೇನ್ರಿ?"

"ನೀ ತಪ್ಪ ಹೊಲದ್ರ ನಾ ಬಿಚ್ಚತೀನಿ. ತಪ್ಪ ಕತ್ತರಿಸಿದ್ರ ಯಾರಪ್ಪ ಬಂದು ಕೂಡಸ್ತಾನ? ಸುಮ್ಮನ ತುಳಿ."

ನಾನು ಸುಮ್ಮನೆ ತುಳಿದೆ. ಆಗ ಸಿಟ್ಟು ಬಂದಿತ್ತು. ಕಲಿಸುವ ಕುರ್ಚಿಯಲ್ಲಿ ನಾನು ಕೂತ ಮೇಲೆ ಅದೇ ಮಾತನ್ನು ಎಷ್ಟು ಹುಡುಗಿಯರಿಗೆ ಹೇಳಿದೆನೋ ಲೆಕ್ಕವಿಲ್ಲ.

ಅತ್ತೆ ಟೇಪು ಹಿಡಿದವರಲ್ಲ. ಅದು ಮಾವನವರ ಕೊರಳ ಸೊತ್ತು. ಅತ್ತೆ ದಾರದಿಂದ ಅಳೆಯುತ್ತಿದ್ದರು. ಸೊಂಟಕ್ಕೊಂದು ಗಂಟು, ಉದ್ದಕ್ಕೊಂದು ಗಂಟು. ಆ ದಾರಗಳು ಗೋಡೆಯ ಗೂಟಕ್ಕೆ ಜೋತಾಡುತ್ತಿದ್ದವು. ಯಾವುದು ಯಾರ ದಾರ ಎಂದು ಅವರೊಬ್ಬರಿಗೇ ಗೊತ್ತು. ಬಾಗಿಲಲ್ಲಿ ಯಾರಾದರೂ ಬಂದರೆ ಮುಖಕ್ಕಿಂತ ಮೊದಲು ಅವರ ದಾರ ನೆನಪಾಗುತ್ತದೆ ಎಂದು ನಗುತ್ತಿದ್ದರು.

ಆ ವರ್ಷಗಳಲ್ಲಿ ಬಟ್ಟೆಗೆ ಬಹಳ ತಾಪತ್ರಯ. ಎಲ್ಲೋ ದೂರ ಯುದ್ಧ ನಡೆದಿತ್ತು, ಇಲ್ಲಿ ನಮ್ಮ ಅಂಗಡಿಯ ಹಲಗೆ ಬರಿದಾಗಿತ್ತು. ಕಾರ್ಡಿಗೆ ಇಷ್ಟು ಎಂದು ಕಂಟ್ರೋಲ್ ಬಟ್ಟೆ ಅಳೆದು ಕೊಡುತ್ತಿದ್ದರು. ಆ ಒರಟು ಬಟ್ಟೆ ಗಂಜಿ ಕುಡಿದು ಕುಡಿದು ಹಪ್ಪಳದಂತೆ ನಿಂತಿರುತ್ತಿತ್ತು. ನೀರು ಕಂಡರೆ ಕುಗ್ಗುವುದು. ಭೂತನಾಳದ ರೈತನೊಬ್ಬನಿಗೆ ಮಾವನವರು ಅದನ್ನು ನೆನೆಸದೆಯೇ ಅಂಗಿ ಹೊಲಿದುಕೊಟ್ಟರು. ಒಂದು ಒಗೆತ ಆದ ಮೇಲೆ ಆತ ಅದೇ ಅಂಗಿ ತೊಟ್ಟುಕೊಂಡು ಬಂದು, ಪಡಸಾಲೆಯ ಮುಂದೆ ಕೈ ಎತ್ತಿ ನಿಂತ. ಹೊಕ್ಕಳು ಕಾಣುತ್ತಿತ್ತು. ಮಾವನವರು ತಲೆ ತಗ್ಗಿಸಿ ದಾರ ಪೋಣಿಸತೊಡಗಿದರು. ಒಳಗಿನಿಂದ ಅತ್ತೆ ಬಾಗಿಲ ಸಂದಿಯಲ್ಲಿ ನೋಡಿ, "ಮಗಾ ಎಷ್ಟ ದೊಡ್ಡಾಂವ ಅದಾನ ಕೇಳ್ರಿ. ಅವಗ ಬರೋಬ್ಬರಿ ಆಗತೈತಿ" ಎಂದರು. ಆತನಿಗೂ ನಗು ಬಂತು. ಅಂದಿನಿಂದ ನಮ್ಮ ಮನೆಗೆ ಬಂದ ಬಟ್ಟೆ ಮೊದಲು ನೀರಿಗೆ, ಆಮೇಲೆ ಕತ್ತರಿಗೆ. ನೀವೂ ಹಾಗೇ ಮಾಡಿ. ಅಂಗಡಿಯವನು ಕುಗ್ಗುವುದಿಲ್ಲ ಎಂದು ಆಣೆ ಹಾಕಿದರೂ ನೆನೆಸಿ.

ಇನ್ನೊಂದು ಕಟ್ಟಳೆ ಅತ್ತೆಯದೇ. ಹೊಲಿದು ಉಳಿದ ತುಂಡು ಎಷ್ಟು ಸಣ್ಣದಿದ್ದರೂ ಬಟ್ಟೆಯವರದ್ದೇ. ಅಂಗೈಯಗಲದ ಚೂರನ್ನೂ ಅದೇ ಬಟ್ಟೆಯ ಅಂಚಿನಿಂದ ಕಟ್ಟಿ ಹೊಲಿದ ಅರಿವೆಯ ಜೊತೆಗೇ ಕೊಡುತ್ತಿದ್ದರು. ಬೇರೆ ಸಿಂಪಿಗರು ಆ ತುಂಡುಗಳನ್ನು ಕೂಡಿಹಾಕಿ, ತುಂಡು ಜೋಡಿಸಿ ಕೌದಿ ಹೊದಿಕೆ ಹೊಲಿಯುವವರಿಗೆ ಮಾರುತ್ತಿದ್ದರು. ನಾವು ಕೊಟ್ಟ ತುಂಡುಗಳನ್ನು ಜನ ಏನು ಮಾಡುತ್ತಾರೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ಟಿಕೋಟಾದ ಬಾಳವ್ವ ಬಂದ ದಿನ ಅದು ಗೊತ್ತಾಯಿತು.

ಬೇಸಿಗೆಯ ಸಂತೆ ದಿನ. ಹೊತ್ತು ಇನ್ನೂ ಏರಿರಲಿಲ್ಲ, ಆಗಲೇ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ಬಾಳವ್ವ ಮೊಮ್ಮಗಳನ್ನು ಕೈಹಿಡಿದು ಒಳಗೆ ಬಂದಳು. ಅವಳು ನಮ್ಮ ಹಳೆಯ ಗಿರಾಕಿ, ಅತ್ತೆಗಿಂತ ಸ್ವಲ್ಪ ಹಿರಿಯಳು, ಬಿಗಿ ಬಾಯಿಯ ಹೆಂಗಸು. ಮೊಮ್ಮಗಳ ಹೆಸರು ಪಾರವ್ವ. ಶಾಲೆಗೆ ಹೋಗುತ್ತಿದ್ದ ಹುಡುಗಿ, ಕಣ್ಣು ಮಾತ್ರ ಮೈಗಿಂತ ದೊಡ್ಡವು. ಬಾಳವ್ವನ ಮಗ ತೀರಿಹೋಗಿದ್ದ. ಸೊಸೆ ಉಡಿಕೆಯಾಗಿ, ಅಂದರೆ ಎರಡನೆಯ ಮದುವೆ ಮಾಡಿಕೊಂಡು, ಬಬಲೇಶ್ವರಕ್ಕೆ ಹೋಗಿದ್ದಳು. ಮಗು ತಂದೆಯ ಮನೆಯಲ್ಲೇ ಉಳಿಯಿತು. ಆಗಿನ ರೂಢಿಯೇ ಹಾಗೆ. ಅಂದಿನಿಂದ ತಾಯಿ ಮಗಳು ಒಬ್ಬರನ್ನೊಬ್ಬರು ಕಂಡಿರಲಿಲ್ಲ.

"ಸಿದ್ದವ್ವಾ, ಈ ಹುಡಗಿಗೆ ಒಂದ ಪರಕಾರ ಆಗಬೇಕ ನೋಡವಾ. ಇವತ್ತ ಆಗಬೇಕು."

"ಅರಿವಿ ತಂದೀಯೇನ?"

"ಎಲ್ಲೀ ಅರಿವಿ? ಕಾರ್ಡಿನ ಮ್ಯಾಲ ಬಂದದ್ದು ಮುದುಕನ ಧೋತರಕ್ಕ ಸರಿ ಹೋತು. ನಿಮ್ಮ ಮನೀದ ತಂದೇನಿ."

ಹಾಗೆಂದು ಗಂಟು ಬಿಚ್ಚಿದಳು. ಒಳಗೆ ತುಂಡು ಬಟ್ಟೆಗಳು. ಮಗನ ಅಂಗಿಯಲ್ಲಿ ಉಳಿದ ನೀಲಿ ಪಟ್ಟೆಯ ತುಂಡು, ಅವಳದೇ ಕುಪ್ಪಸದ ಹಸಿರು ತುಂಡು, ಇನ್ನೇನೇನೋ. ಒಂದೊಂದಕ್ಕೂ ಅತ್ತೆ ಕಟ್ಟಿದ ಗಂಟು ಹಾಗೇ ಇತ್ತು. ನಾವು ವರ್ಷವರ್ಷವೂ ಕೊಟ್ಟದ್ದನ್ನೆಲ್ಲ ಮುದುಕಿ ಬಿಸಾಡದೆ ಇಟ್ಟಿದ್ದಳು. ಅತ್ತೆ ಒಂದು ಗಂಟನ್ನು ಬೆರಳಿನಿಂದ ಸವರಿ, "ನನ್ನ ಗಂಟ ನೋಡವಾ ಇದು" ಎಂದರು. ಅವರಿಗೆ ಅದು ಎಷ್ಟು ಖುಷಿ ಕೊಟ್ಟಿತೆಂದು ನನಗೆ ಗೊತ್ತಾಯಿತು.

"ಇಕಿ ಅವ್ವ ಹೇಳಿ ಕಳಿಸ್ಯಾಳ" ಎಂದಳು ಬಾಳವ್ವ. "ಬ್ಯಾಸಗಿ ಸೂಟಿಗೆ ಕಳಸ್ರಿ, ನನ್ನ ಕಡೆ ನಾಕ ದಿನ ಇರ್ಲಿ ಅಂತ. ಕಳಸಾಕ ನಾ ಒಲ್ಲೆ ಅನ್ನೂದಿಲ್ಲ. ಆದ್ರ ಹಿಂಗ ಕಳಸಲೇನ?" ಎಂದು ಹುಡುಗಿಯ ಪರಕಾರವನ್ನು ಎತ್ತಿ ತೋರಿಸಿದಳು. ತೊಳೆದು ತೊಳೆದು ಜಾಳಾಗಿತ್ತು, ಮೊಣಕಾಲ ಹತ್ತಿರ ಹರಿದಿತ್ತು. "ಮುದುಕಿ ಹುಡಗೀನ ಚಿಂದ್ಯಾಗ ಬೆಳಸ್ಯಾಳ ಅಂತ ಅನ್ನಸ್ಕೊಳ್ಳೂದು ನನ್ನ ಕೈಲೆ ಆಗೂದಿಲ್ಲ. ಚಲೋ ಪರಕಾರ ಆದ್ರ ಹೋಗ್ತಾಳ. ಇಲ್ಲಂದ್ರ ಇಲ್ಲ."

ಪಾರವ್ವ ಕಾಲಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು. "ಲಾಲಸಾಬ ಕಾಕಾನ ಗಾಡಿ ಯಾವಾಗ ಹೊಕ್ಕೈತಿ ಬೇ ಆಯಿ?" ಎಂದಷ್ಟೇ ಅಜ್ಜಿಯನ್ನು ಕೇಳಿದಳು. ಲಾಲಸಾಬ ನಿಡೋಣಿಯ ಗಾಡಿಯವನು. ಸಂತೆಗೆ ಬಂದಿದ್ದ. ಬಿಸಿಲು ಇಳಿದ ಮೇಲೆ ಹೊರಟು, ಹುಡುಗಿಯನ್ನು ಬಬಲೇಶ್ವರದಲ್ಲಿ ತಾಯಿಯ ಕೈಗೊಪ್ಪಿಸಿ ಮುಂದೆ ಹೋಗುತ್ತೇನೆ ಎಂದಿದ್ದ. ಅಷ್ಟರೊಳಗೆ ಪರಕಾರ ಆಗಬೇಕು. ಆಗದಿದ್ದರೆ ಅಜ್ಜಿ ಮೊಮ್ಮಗಳು ಇಬ್ಬರೂ ವಾಪಸು ಟಿಕೋಟಾಕ್ಕೆ.

ತುಂಡುಗಳನ್ನೆಲ್ಲ ನೀರಿಗೆ ಹಾಕಿ ತೆಗೆದು ಬಿಸಿಲಿಗೆ ಹರವಿದೆ. ವಿಜಾಪುರದ ಬೇಸಿಗೆಯ ಉಪಕಾರ ಅದೊಂದೇ, ಬಟ್ಟೆ ಒಣಗಲು ಹೊತ್ತು ಬೇಡ. ಅಷ್ಟರಲ್ಲಿ ಅತ್ತೆ ಹುಡುಗಿಯ ಸೊಂಟಕ್ಕೆ ದಾರ ಸುತ್ತಿ ಗಂಟು ಹಾಕಿದರು. ನಾನು ಆ ದಿನ ನೋಡಿ ಕಲಿತದ್ದನ್ನು ಇಲ್ಲಿ ಹೇಳಿಬಿಡುತ್ತೇನೆ. ತುಂಡು ಬಟ್ಟೆಯ ಪರಕಾರಕ್ಕೆ ಬಟ್ಟೆಯನ್ನು ಮೇಲೆ ಕಿರಿದು ಕೆಳಗೆ ಅಗಲ ಬರುವ ಪಟ್ಟಿಗಳಾಗಿ ಕತ್ತರಿಸಬೇಕು. ಹಾಗೆ ಮಾಡಿದರೆ ಸೊಂಟದಲ್ಲಿ ದಪ್ಪ ನಿರಿಗೆ ಬೇಕಾಗುವುದಿಲ್ಲ, ಕಾಲ ಹತ್ತಿರ ಗಾಳಿ ಆಡುತ್ತದೆ, ಬೇಸಿಗೆಗೆ ಅದೇ ಸುಖ. ಎಲ್ಲ ಪಟ್ಟಿಯೂ ಒಂದೇ ಅಳತೆಯವು ಇರಬೇಕು. ಬಣ್ಣ ಒಂದಾದ ಮೇಲೆ ಒಂದು ಸರತಿಯಂತೆ ಬರಬೇಕು. ಕೆಳಗೆ ಸುತ್ತಲೂ ಒಂದೇ ಬಣ್ಣದ ಅಂಚು ಬರಬೇಕು. ಅಂಚು ಒಂದಾದರೆ ಮೇಲಿನ ತುಂಡುಗಳು ಎಲ್ಲಿಂದ ಬಂದಿದ್ದರೂ ಒಂದೇ ಮನೆಯವರಂತೆ ಕಾಣುತ್ತವೆ. ಅದಿಲ್ಲದಿದ್ದರೆ ಹುಡುಗಿ ಕೌದಿ ಉಟ್ಟುಕೊಂಡು ಬಂದಳು ಎನ್ನುತ್ತಾರೆ. ಅಂಚಿಗಾಗಿ ಅತ್ತೆ ತಮ್ಮ ಸವೆದ ಇಳಕಲ್ಲ ಸೀರೆಯ ಕೆಂಪು ದಡಿಯನ್ನೇ ಹರಿದು ಕೊಟ್ಟರು. ಬಾಳವ್ವ ಬೇಡ ಎಂದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ.

ಪಟ್ಟಿಗಳನ್ನು ನೆಲದ ಮೇಲೆ ಜೋಡಿಸಿ ನೋಡಿದರೆ ಸುತ್ತಳತೆ ಸಾಲಲಿಲ್ಲ. ಹಾಗೇ ಹೊಲಿದರೆ ಹುಡುಗಿ ಗಾಡಿ ಹತ್ತಲು ಕಾಲು ಎತ್ತುವಂತಿರಲಿಲ್ಲ. ಬಾಳವ್ವನ ಗಂಟಿನ ತಳದಲ್ಲಿ ಇನ್ನೂ ಒಂದು ತುಂಡು ಇತ್ತು. ಹಳದಿ ಬಟ್ಟೆ, ಅದರ ಮೇಲೆ ದಂಟಿನ ತುದಿಯಲ್ಲಿ ಅರಳಿದ ಕೆಂಪು ಹೂವುಗಳು. ಅದರ ಮೇಲೆ ಬಾಳವ್ವನ ಕೈ ಇತ್ತು.

"ಅದನ್ನೂ ಕೊಡವಾ" ಎಂದರು ಅತ್ತೆ.

"ಇದ ಇಕಿ ಅವ್ವನ ಕುಪ್ಪಸದ್ದು" ಎಂದಳು ಬಾಳವ್ವ. "ನಮ್ಮ ಮನೀಗೆ ಬಂದಾಗ ನಾನ ತಂದ ಕೊಟ್ಟ ಅರಿವಿ."

ಬಿಟ್ಟುಹೋದ ಸೊಸೆಯ ತುಂಡನ್ನು ಸಿಟ್ಟಿನಲ್ಲಿ ಒಲೆಗೆ ಹಾಕಬಹುದಾಗಿತ್ತು, ಪಾತ್ರೆ ಒರೆಸಲು ತೆಗೆದುಕೊಳ್ಳಬಹುದಾಗಿತ್ತು. ಮುದುಕಿ ಅದನ್ನೂ ಕಟ್ಟಿ ಇಟ್ಟಿದ್ದಳು. ಕೊನೆಗೆ ಕೈ ತೆಗೆದು, "ಹಾಕವಾ. ಅಕಿನೂ ನೋಡ್ಲಿ" ಎಂದಳು. ನಾನು ಎದ್ದು ಹೋಗಿ ಮಷಿನ್‌ಗೆ ಎಣ್ಣೆ ಬಿಟ್ಟೆ.

ಅತ್ತೆ ಕತ್ತರಿಸಿ, ಪಟ್ಟಿಗಳನ್ನು ಮೈಗೆ ಮೈ ತಾಗಿಸಿ, ಗುಂಡುಸೂಜಿ ಚುಚ್ಚಿ ನನ್ನ ಕೈಗೆ ಕೊಡುತ್ತ ಹೋದರು, ನಾನು ತುಳಿಯುತ್ತ ಹೋದೆ. ಬಟ್ಟೆಯ ಒಳಮೈ ಮೇಲಿರುತ್ತದೆ, ಕಣ್ಣು ಸೂಜಿಯ ಬಾಯಿಯಲ್ಲೇ ಇರುತ್ತದೆ. ಹೊಲಿಯುವವಳಿಗೆ ಹೂವು ಕಾಣುವುದಿಲ್ಲ, ಗೆರೆ ಮಾತ್ರ. ಅಂಚು ಕೂಡಿಸಿದ್ದಾಯಿತು. ಹುಡುಗಿ ಬೆಳೆದಾಗ ಬಿಚ್ಚಲು ಅಂಚಿನ ಮೇಲೆ ಒಂದು ಮಡಿಕೆ ಹಿಡಿದದ್ದಾಯಿತು. ಸೊಂಟದ ಪಟ್ಟಿಯಲ್ಲಿ ಲಾಡಿ ಪೋಣಿಸಿ ತಿರುವಿ ಹಾಕಿ ಕೊಟ್ಟೆ. ಪಾರವ್ವ ಮರೆಗೆ ಹೋಗಿ ಉಟ್ಟುಕೊಂಡು ಬಂದು ಒಂದು ಸುತ್ತು ತಿರುಗಿದಳು. ಪರಕಾರ ಗಾಳಿ ತುಂಬಿಕೊಂಡು ಎದ್ದಿತು. ಅದಕ್ಕಿಂತ ಚೆಂದದ ಪರಕಾರವನ್ನು ನಾನು ಆವರೆಗೆ ಹೊಲಿದಿರಲಿಲ್ಲ.

"ಹ್ಯಾಂಗ ಆಗೇತಿ?" ಎಂದರು ಅತ್ತೆ, ಕಣ್ಣು ಕಿರಿದು ಮಾಡಿ.

ಬಾಳವ್ವ ಬಗ್ಗಿ ನೋಡಿದಳು. "ಎಲ್ಲಾ ಚಲೋ ಆಗೇತಿ. ಆದ್ರ ಸಿದ್ದವ್ವಾ, ಇದೊಂದ ಪಟ್ಟ್ಯಾಗ ಹೂವು ತಲಿಕೆಳಗ ಅದಾವಲ್ಲವಾ."

ನಿಜ. ಹೂವಿನ ಪಟ್ಟಿಗಳಲ್ಲಿ ಹಿಂದಿನದು ನೆಟ್ಟಗಿತ್ತು. ಮುಂದಿನದರಲ್ಲಿ ದಂಟು ಮೇಲೆ, ಹೂವು ಕೆಳಗೆ. ಆದದ್ದೇನೆಂದು ನನಗೆ ತಕ್ಷಣ ತಿಳಿಯಿತು. ಇಂಥ ಪಟ್ಟಿ ಕತ್ತರಿಸುವಾಗ ಬಟ್ಟೆ ಉಳಿಸಲು ಒಂದರ ತಲೆಯ ಪಕ್ಕದಲ್ಲಿ ಇನ್ನೊಂದರ ಬುಡ ಇಟ್ಟು ಕತ್ತರಿಸುತ್ತಾರೆ. ಪಟ್ಟೆಯ ಬಟ್ಟೆಗೆ ಅದು ನಡೆಯುತ್ತದೆ, ಹೂವಿನ ಬಟ್ಟೆಗೆ ನಡೆಯುವುದಿಲ್ಲ. 'ಮೊದಲ ಹೂವಿನ ಮಾರಿ ನೋಡು' ಎಂದು ದಿನಾ ಬೈಯುತ್ತಿದ್ದವರೇ ನಮ್ಮ ಅತ್ತೆ. ಅವರು ಪರಕಾರವನ್ನು ಹಿಡಿದು ಕಣ್ಣಿನ ಹತ್ತಿರ, ಇನ್ನೂ ಹತ್ತಿರ ತಂದು ನೋಡಿದರು. ಆಗ ಅವರಿಗೆ ಕಾಣಿಸಿತು. ಅವರ ಮುಖ ಸಣ್ಣದಾಯಿತು.

"ಬಿಚ್ಚಿ ತಿರುವಿ ಹಚ್ಚರಿ" ಎಂದಳು ಬಾಳವ್ವ.

"ತಿರುವಿದ್ರ ಅಗಲ ಮ್ಯಾಲ ಬರತೈತಿ ಬಾಳವ್ವಾ. ಹೊಸಾದು ಕತ್ತರಿಸಾಕ ಅರಿವಿ ಇಲ್ಲ."

"ಹಂಗಾದ್ರ ತಗದ ಬಿಡ್ರಿ."

"ತಗದ್ರ ಹುಡಗಿಗೆ ಕಾಲ ಎತ್ತಿ ಇಡಾಕ ಬರೂದಿಲ್ಲ."

ಹೊರಗೆ ಲಾಲಸಾಬ ಬಂದು ನಿಂತಿದ್ದ. "ಹೊತ್ತಾತ್ರಿ, ಎತ್ತು ಹೂಡಲೇನ್ರಿ?" ಎಂದು ಕೂಗಿದ. ಬಾಳವ್ವ ಖಾಲಿ ಗಂಟಿನ ಬಟ್ಟೆಯನ್ನು ಮಡಿಸತೊಡಗಿದಳು. "ಹೋಗ್ಲಿ ಬಿಡವಾ. ಈ ಸಲ ಬ್ಯಾಡ. ಅಕೀದ ಅರಿವಿ, ಅದೂ ತಲಿಕೆಳಗ ಹಚ್ಚಿ ಕಳಿಸಿದ್ರ, ಬೇಕಂತ ಮಾಡ್ಯಾಳ ಮುದುಕಿ ಅಂತ ತಿಳಕೋತಾಳ. ಮುಂದಿನ ಸೂಟಿಗೆ ನೋಡೂಣು. ಬಾ ಪಾರಿ, ಬಿಚ್ಚಿ ಇಡು."

ಹುಡುಗಿ ಬಿಚ್ಚಲಿಲ್ಲ. ಎರಡೂ ಕೈಯಿಂದ ಪರಕಾರದ ಮುಂಭಾಗವನ್ನು ಅಗಲಿಸಿ ಹಿಡಿದು, ತಲೆ ಬಗ್ಗಿಸಿ ನೋಡುತ್ತಿದ್ದಳು.

"ಇದ ನೆಟ್ಟಗ ಐತೆಲ್ಲ ಬೇ ಆಯಿ."

"ಎಲ್ಲಿ ನೆಟ್ಟಗ? ಹುಚ್ಚೀ, ದಂಟು ಮ್ಯಾಲ ಐತಿ."

"ನನಗ ನೆಟ್ಟಗ ಕಾಣಾಕತ್ತೈತಿ. ಹಿಂದಿನ ಪಟ್ಟಿ ಮುಂದ ಎಳದು ನೋಡಿದ್ರ ಅದ ತಲಿಕೆಳಗ ಐತಿ. ನೀ ಇಲ್ಲಿಂದ ನೋಡ ಬೇಕಾರ."

ಯಾರಿಗೂ ಅರ್ಥವಾಗಲಿಲ್ಲ. ಅತ್ತೆ ಹುಡುಗಿಯ ಬೆನ್ನ ಹಿಂದೆ ಹೋಗಿ ಮೊಣಕಾಲೂರಿದರು. ಅವಳ ಹೆಗಲ ಮೇಲೆ ಗದ್ದ ಇಟ್ಟು ಕೆಳಗೆ ನೋಡಿದರು. ನೋಡುತ್ತಿದ್ದಂತೆ ಅವರ ಮೈ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ. ಅವರು ನಗುತ್ತಿದ್ದರು.

"ಖರೇ ಐತಿ ಬಾಳವ್ವಾ. ಇಷ್ಟ ವರ್ಷ ನಾ ಹೊಲದದ್ದೆಲ್ಲಾ ಎದರಿಗೆ ನಿಂತಾವ್ರಿಗೆ. ಉಟ್ಟಾಕಿಗೆ ಒಂದೂ ಹೂವು ನೆಟ್ಟಗ ಹಚ್ಚಿಲ್ಲ ನೋಡು."

ಬಾಳವ್ವನೂ ಬಂದು ಇನ್ನೊಂದು ಹೆಗಲ ಮೇಲಿಂದ ನೋಡಿದಳು. ಬಿಗಿದ ಬಾಯಿ ಸಡಿಲವಾಯಿತು. ಹುಡುಗಿಯ ಜಡೆಯನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಹೆಣೆದಳು. ಆಮೇಲೆ ಹೊರಗೆ ಕೇಳುವಂತೆ, "ಲಾಲಸಾಬ, ಹೂಡಪ್ಪಾ ಎತ್ತು" ಎಂದಳು. ಪಾರವ್ವ ಸಂದಿಯ ಕಡೆಯ ನಮ್ಮ ಮೆಟ್ಟಿಲನ್ನು ಇಳಿಯಲಿಲ್ಲ, ಹಾರಿದಳು.

ಗಾಡಿ ಹೋದ ಮೇಲೆ ನಾನು ನೆಲದ ಚೂರು ಗುಡಿಸುತ್ತಿದ್ದೆ. ಅತ್ತೆ ಸೊಂಟದಿಂದ ಕತ್ತರಿ ತೆಗೆದು ಮಷಿನ್ ಹಲಗೆಯ ಮೇಲೆ ಇಟ್ಟರು.

"ಇನ್ನ ಮ್ಯಾಲ ಇದು ನಿನ್ನ ಕಡೆ ಇರ್ಲಿ. ನನ್ನ ಕಣ್ಣು ಸಾಕಂತಾವ."

"ಇರ್ಲಿ ಬಿಡ್ರಿ ಅತ್ಯಾರ. ಒಂದ ಸಲ ಆಗೂದರಿ."

"ಕೇಳಿ ಕೇಳಿ ತಲಿ ತಿಂದಿದ್ದೆಲ್ಲ? ಈಗ ಕೊಟ್ರ ಬ್ಯಾಡ ಅಂತೀಯೇನ?" ಎಂದು ಗದರಿಸಿ, ದಾರಗಳ ಗೂಟದ ಕೆಳಗೆ ಹೋಗಿ ಕೂತರು. ನಾನು ಅಂದುಕೊಂಡಷ್ಟು ದುಃಖ ಅವರ ಮುಖದಲ್ಲಿ ಇರಲಿಲ್ಲ. ಆ ದಿನ ಪೂರ್ತಿ ಹುಡುಗಿಯ ಮಾತು ನೆನೆಸಿಕೊಂಡು ನಗುತ್ತಿದ್ದರು. ಮಾವನವರು ಬಂದಾಗ ಅವರನ್ನೂ ನಿಲ್ಲಿಸಿ, ತಮ್ಮ ಅಂಗಿಯ ಕಿಸೆಯನ್ನು ಮೇಲಿನಿಂದ ನೋಡಿಕೊಳ್ಳಿ ಎಂದು ಕಾಡಿದರು.

ಮುಂದೆ ಕಾಲ ಬದಲಾಯಿತು. ಕಂಟ್ರೋಲ್ ಸಡಿಲವಾಯಿತು. ದಾರದ ಅಳತೆ ಹೋಗಿ ನಮ್ಮ ಕೋಣೆಗೂ ಟೇಪು ಬಂತು. ಹೂವಿನ ಬಟ್ಟೆಗೆ ಹೂವಿನ ಮುಖ ನೋಡಿಯೇ ಕತ್ತರಿ ಹಾಕಿ ಎಂದು ನಾನು ಕಲಿಸಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ. ಪರೀಕ್ಷೆಯಲ್ಲಿ ತಲೆಕೆಳಗೆ ಹಚ್ಚಿದರೆ ನಾನೇ ಅಂಕ ಕಡಿಮೆ ಮಾಡಿದ್ದೇನೆ. ಆದರೆ ನನ್ನ ಮನೆಯ ಮಕ್ಕಳಿಗೆ, ಓಣಿಯ ಮಕ್ಕಳಿಗೆ ಪರಕಾರ ಹೊಲಿಯುವಾಗ ಮುಂದಿನ ಒಂದು ಪಟ್ಟಿಯನ್ನು ಬೇಕೆಂದೇ ಹೂವು ತಲೆಕೆಳಗೆ ಬರುವಂತೆ ಕತ್ತರಿಸಿ ಹಚ್ಚುತ್ತ ಬಂದೆ. ನೋಡಿದವರು ತಪ್ಪು ಹಿಡಿದರೆ ಹಿಡಿಯಲಿ.

ಪಾರವ್ವ ಮರುವರ್ಷದ ಬೇಸಿಗೆಯಲ್ಲಿ ಮತ್ತೆ ಬಂದಳು. ಮತ್ತೆ ಸೂಟಿಗೆ ಬಬಲೇಶ್ವರಕ್ಕೆ ಹೊರಟಿದ್ದಳು. ಬಾಳವ್ವ ಈ ಸಲ ಯಾವ ಷರತ್ತನ್ನೂ ಹಾಕಿರಲಿಲ್ಲ. ಸೊಸೆಗೆಂದು ಬುಟ್ಟಿಯಲ್ಲಿ ಶೇಂಗಾದ ಹೋಳಿಗೆಯನ್ನೂ ಕಟ್ಟಿಕೊಂಡು ಬಂದಿದ್ದಳು. ಹುಡುಗಿ ಎತ್ತರವಾಗಿದ್ದಳು, ಪರಕಾರ ಮೇಲೇರಿತ್ತು. ಅಂಚಿನ ಮೇಲಿನ ಮಡಿಕೆ ಬಿಚ್ಚಬೇಕಿತ್ತು. ಕತ್ತರಿ ಈಗ ನನ್ನ ಸೊಂಟದಲ್ಲಿತ್ತು.

"ಪಾರವ್ವಾ, ಈಗ ಅರಿವಿ ಸಿಗತೈತಿ. ಈ ತಲಿಕೆಳಗಿಂದ ಪಟ್ಟಿ ತಗದು ಬ್ಯಾರೇದು ಹಚ್ಚಲೇನ?" ಎಂದೆ.

ಅವಳು ಪರಕಾರವನ್ನು ನನ್ನ ಕೈಯಿಂದ ಎಳೆದುಕೊಂಡಳು. "ಬ್ಯಾಡ್ರಿ! ನಮ್ಮವ್ವನೂ ಬ್ಯಾಡ ಅಂದಾಳ."

"ಯಾಕ?"

"ಮೊದಲ ಅಕಿನೂ ಹಂಗ ಅಂದ್ಳರಿ, ಇದೇನ ತಲಿಕೆಳಗ ಹೊಲದಾರ ಅಂತ. ನಾ ಏನೂ ಹೇಳಲಿಲ್ಲ. ಆಮ್ಯಾಲ ನನ್ನ ತೊಡಿ ಮ್ಯಾಲ ಕುಂದರಿಸ್ಕೊಂಡ್ಳು. ಹಿಂದಿಂದ ನನ್ನ ಹೆಗಲ ಮ್ಯಾಲ ಮಾರಿ ಇಟ್ಟ್ಳು." ಹುಡುಗಿ ತನ್ನ ಹೆಗಲನ್ನು ಮುಟ್ಟಿ ತೋರಿಸಿದಳು. "ಅಲ್ಲಿಂದ ಅಕಿಗೂ ನೆಟ್ಟಗ ಕಾಣ್ತುರಿ."

ಗೂಟದ ಕೆಳಗೆ ಕೂತಿದ್ದ ಅತ್ತೆ, "ಏನಂದ್ಳು? ಅವ್ವಗೂ ಕಾಣ್ತಂತೇನ?" ಎಂದು ಕೇಳಿದರು. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಹೌದು ಎಂದಳು.

ನಾನು ಮಡಿಕೆಯನ್ನಷ್ಟೇ ಬಿಚ್ಚಿದೆ. ಆ ಪಟ್ಟಿಯನ್ನು ಮುಟ್ಟಲಿಲ್ಲ.